ಒಳಗೆ ಬಿಟ್ಟ ಬಟ್ಟೆ

ಟೇಪಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಒಂದಿತ್ತು. ಆದರೆ ಅದು ಆಸ್ಪತ್ರೆಯ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಬೀದಿಯವರ ಪಾಲಿಗೆ ಅವಳು ಟೇಪಕ್ಕ. ಬೆಳಿಗ್ಗೆ ಮುಖ ತೊಳೆದವಳು ಮೊದಲು ಕೊರಳಿಗೆ ಹಾಕಿಕೊಳ್ಳುತ್ತಿದ್ದುದು ಅಳತೆಯ ಟೇಪನ್ನು. ಒಮ್ಮೆ ನೆಂಟರ ಮದುವೆಗೂ ಹಾಗೆಯೇ ಹೋಗಿಬಿಟ್ಟಿದ್ದಳು. "ಸರ ಚೆನ್ನಾಗಿದೆ, ಎಷ್ಟು ಗ್ರಾಂ?" ಎಂದು ಯಾರೋ ಕೊಂಕು ತೆಗೆದರೆ, "ಗ್ರಾಂ ಗೊತ್ತಿಲ್ಲ, ಅರವತ್ತು ಇಂಚು" ಎಂದಿದ್ದಳಂತೆ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಗೆ ಮುಖ ಮಾಡಿಟ್ಟ ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೂ ಕತ್ತರಿಸುವ ಮೇಜು, ಮೇಜಿನ ತುದಿಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಅದೇ ಮೇಜಿನ ಮೇಲೆ ಅವಳ ಅಪ್ಪ ನಲವತ್ತು ವರ್ಷ ಕತ್ತರಿ ಆಡಿಸಿದ್ದ. ಅವನು ಮಗಳಿಗೆ ಬಿಟ್ಟುಹೋದದ್ದು ಆ ಮೇಜು ಮತ್ತು ಎರಡು ಮಾತು. ಒಂದು: "ಟೇಪು ಸುಳ್ಳು ಹೇಳಲ್ಲ ಮಗಳೇ, ಟೇಪು ಹಿಡಿದ ಕೈ ಹೇಳುತ್ತೆ." ಇನ್ನೊಂದು: "ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಒಳಗೇ ಬಿಡು. ಇವತ್ತಿನ ಮೈಗೆ ಹೊಲಿ, ನಾಳೆಯ ಮೈಗೆ ಜಾಗ ಇಡು." ಮೈ ಅನ್ನುವುದು ಹಿಗ್ಗುವಂಥದ್ದು, ಬಿಚ್ಚಿ ಅಗಲ ಮಾಡಿಕೊಂಡರೆ ಅದೇ ಅಂಗಿ ಇನ್ನೂ ನಾಲ್ಕು ವರ್ಷ ಬರುತ್ತದೆ ಎಂಬುದು ಅವನ ಲೆಕ್ಕ. ಅದರಿಂದ ಹೊಸ ಅಂಗಿಯ ಗಿರಾಕಿ ತಪ್ಪುತ್ತಾನಲ್ಲ ಎಂದು ಯಾರಾದರೂ ಹೇಳಿದರೆ, "ಅಂಗಿ ತಪ್ಪಿದರೂ ಗಿರಾಕಿ ತಪ್ಪಲ್ಲ" ಅನ್ನುತ್ತಿದ್ದ.

ಕಡೆಗೆ ಗಿರಾಕಿಯೂ ತಪ್ಪಿದ. ಬೀದಿಯ ತಿರುವಿನಲ್ಲಿ ಗಾಜಿನ ಬಾಗಿಲಿನ ರೆಡಿಮೇಡ್ ಅಂಗಡಿ ಬಂತು, ಅದರ ಎದುರಿಗೆ ಇನ್ನೊಂದು. ಜನ ತಮ್ಮ ಮೈಯನ್ನು ಚಿಕ್ಕದು, ನಡುವಿನದು, ದೊಡ್ಡದು ಎಂಬ ಮೂರೇ ಮಾತಿಗೆ ಒಗ್ಗಿಸಿಕೊಂಡರು. ಟೇಪಕ್ಕನಿಗೆ ಉಳಿದದ್ದು ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟಿನ ಕಾಲು. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಗಂಡ ಹೊಸಿಲ ಮೇಲೆ ಕೂತು ಹೋಗಿ ಬರುವವರನ್ನು ಎಣಿಸುತ್ತ, "ಏನೇ, ಇವತ್ತು ನಿನ್ನ ಬಸ್ಸು ಖಾಲಿನೇ" ಅನ್ನುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಐವತ್ತೈದರ ವಯಸ್ಸಿನಲ್ಲಿ ಕೈ ಇನ್ನೂ ಹದವಾಗಿತ್ತು, ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುತ್ತಿತ್ತು. ಹದವಾದ ಕೈಗೆ ಕೆಲಸ ಇಲ್ಲದೆ ಹೋದರೆ ಅದು ಹಲ್ಲುನೋವಿನ ಹಾಗೆ, ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಮಾತ್ರ ಬಿಡುವುದಿಲ್ಲ.

ದಾರಿ ತೆರೆದವಳು ತಂಗಿಯ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ, ಬಿಡುವಿನಲ್ಲಿ ದೊಡ್ಡಮ್ಮನ ಮನೆ. ಒಂದು ಸಂಜೆ ಅವಳು ಬಂದಾಗ, ಬಲಗೈ ಮೊಣಕೈವರೆಗೆ ಮಾತ್ರ ಇದ್ದ ಕಾವಲುಗಾರನಿಗೆ ಟೇಪಕ್ಕ ಹೊಲಿದ ಅಂಗಿ ಮೇಜಿನ ಮೇಲಿತ್ತು. ಒಂದು ತೋಳು ಗಿಡ್ಡ, ಅದರ ತುದಿ ಮೆತ್ತಗೆ ಮಡಿಸಿದ್ದು. ಗುಂಡಿಗಳು ಒಂದೇ ಕೈಯಲ್ಲಿ ಹಾಕಿಕೊಳ್ಳುವ ಹಾಗೆ ದೊಡ್ಡವು. ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ದೊಡ್ಡಮ್ಮ, ಇಂಥ ಅಂಗಿ ಯಾವ ಅಂಗಡೀಲಿ ಸಿಗುತ್ತೆ?"

"ಎಲ್ಲೂ ಇಲ್ಲ. ಅದಕ್ಕೇ ತಾನೇ ಅವನು ಇಲ್ಲಿಗೆ ಬಂದಿದ್ದು."

"ಅಂದ್ರೆ ಇಲ್ಲಿಗೆ ಬರೋಕೆ ಆಗದೇ ಇರೋರು?"

ಹುಡುಗಿ ಫೋಟೊ ತೆಗೆದಳು, ಆನ್‌ಲೈನಿನಲ್ಲಿ ಹಾಕುತ್ತೇನೆ ಎಂದಳು. ಟೇಪಕ್ಕ ಒಪ್ಪಲಿಲ್ಲ. "ಮೈ ನೋಡದೆ ಅಳತೆ ತಗೊಳ್ಳೋದು ಅಂದ್ರೆ ಹಸಿದವನಿಗೆ ಫೋನಲ್ಲಿ ಊಟ ಬಡಿಸಿದ ಹಾಗೆ" ಎಂದಳು. ಕಂಡಕ್ಟರು ಹೊಸಿಲ ಮೇಲಿಂದಲೇ, "ಹತ್ತೋರು ಹತ್ತಲಿ ಬಿಡೇ, ಸೀಟಂತೂ ಖಾಲಿ ಇದೆ" ಎಂದ. ಅಳೆದೂ ಸುರಿದೂ ಕಡೆಗೆ ಹೂಂ ಅಂದಳು. ಹುಡುಗಿ ಒಂದು ಮೈಯ ಚಿತ್ರ ಬರೆದು, ಟೇಪನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂದು ಹದಿಮೂರು ಗೆರೆ ಎಳೆದಳು. ಪ್ರತಿ ಸಲವೂ ಹೊಸದಾಗಿ ಅಳೆದು ಕಳಿಸಬೇಕು ಎಂಬ ನಿಯಮ ಮಾತ್ರ ಟೇಪಕ್ಕನದು.

ಮೂರನೆಯ ವಾರಕ್ಕೆ ಮೊದಲ ಆರ್ಡರ್ ಬಂತು, ಆಮೇಲೆ ಒಂದರ ಹಿಂದೆ ಒಂದು. ಗೂನು ಬೆನ್ನಿನ ಗಡಿಯಾರ ರಿಪೇರಿಯವನು. ಗಾಲಿಕುರ್ಚಿಯಲ್ಲೇ ದಿನವಿಡೀ ಕೂರುವ ಕಾಲೇಜು ಹುಡುಗಿ. ನಿಂತವರ ಅಳತೆಗೆ ಹೊಲಿದ ಬಟ್ಟೆ ಕೂತವರ ಹೊಟ್ಟೆಗೆ ಒತ್ತುತ್ತದೆ ಎಂಬುದು ಆ ತನಕ ಯಾವ ಅಂಗಡಿಯವರಿಗೂ ಹೊಳೆದಿರಲಿಲ್ಲವಂತೆ. ಮೂರೂವರೆ ಅಡಿಯ ವಕೀಲ. ಮಕ್ಕಳ ವಿಭಾಗದಲ್ಲಿ ಕೋಟು ಹುಡುಕಿ ಹುಡುಕಿ ಬೇಸತ್ತವನು. ಒಂದೊಂದು ಊರಿನಲ್ಲಿ ಒಬ್ಬೊಬ್ಬರೇ ಇದ್ದವರು, ಕೂಡಿಸಿದರೆ ಒಂದು ಊರೇ ಆಗುವಷ್ಟು ಜನ. ಆ ಊರಿಗೆಲ್ಲ ಟೇಪಕ್ಕ ಒಬ್ಬಳೇ ದರ್ಜಿ. ಮೊದಲು ಬೀದಿ ಎಷ್ಟು ಉದ್ದವೋ ಅಂಗಡಿಯೂ ಅಷ್ಟೇ ಉದ್ದವಿತ್ತು. ಈಗ ಅವಳು ಕಾಲಿಡದ ಊರುಗಳಲ್ಲಿ ಅವಳ ಹೊಲಿಗೆ ಓಡಾಡುತ್ತಿತ್ತು. ಮೇಜಿನ ತುದಿಯಲ್ಲಿ ಕೂತು ಪಾರ್ಸೆಲ್ ಕಟ್ಟುವ ಕೆಲಸ ಕಂಡಕ್ಟರದು. ಅಂಟುಟೇಪು ಹಚ್ಚಿ, ವಿಳಾಸ ಅಂಟಿಸಿ, ಕೊರಿಯರಿನವನ ಕೈಗೆ ಕೊಟ್ಟು, ಗೋಡೆಗೆ ಎರಡು ಸಲ ಬಡಿದು "ರೈಟ್ ರೈಟ್" ಅಂದರೇನೇ ಅವನಿಗೆ ಪಾರ್ಸೆಲ್ ಹೊರಟ ಹಾಗೆ.

ಗ್ರಂಥಾಲಯದ ಮೇಡಂ ಬಂದದ್ದು ಆ ಮೊದಲ ವರ್ಷದಲ್ಲೇ. ದೂರದ ಊರಿನ ಗ್ರಂಥಾಲಯದಲ್ಲಿ ಕೆಲಸ, ನಲವತ್ತಾರು ವಯಸ್ಸು. ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ಎಡಭುಜ ಇಳಿದಿತ್ತು. ಬಲಭುಜಕ್ಕಿಂತ ಒಂದೂಕಾಲು ಇಂಚು ಕೆಳಗೆ. ಯಾವ ಅಂಗಿ ತೊಟ್ಟರೂ ಕಾಲರು ಒಂದು ಕಡೆಗೆ ಜಾರುವುದು, ಅವರು ದಿನವಿಡೀ ಕೈಯಿಂದ ಎಳೆದುಕೊಳ್ಳುವುದು. ಟೇಪಕ್ಕ ಎಡಭುಜದ ಒಳಗೆ ಹತ್ತಿಯ ಪ್ಯಾಡನ್ನು ಪದರ ಪದರವಾಗಿ ಕೂರಿಸಿ, ಕತ್ತನ್ನು ಒಂದು ಕೂದಲೆಳೆ ಓರೆಯಾಗಿ ಕತ್ತರಿಸಿ ಕಳಿಸಿದಳು. ಉತ್ತರ ಬಂತು: "ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಕಾಲರ್ ನೇರ ನಿಂತಿದೆ. ನಾನೂ."

ಆ ಮಾತನ್ನು ಟೇಪಕ್ಕ ಹುಡುಗಿಯಿಂದ ನಾಲ್ಕು ಸಲ ಓದಿಸಿಕೊಂಡಳು.

ಎರಡು ವರ್ಷದಲ್ಲಿ ನಾಲ್ಕು ಅಂಗಿಗಳಾದವು. ನಡುನಡುವೆ ಫೋನಿನಲ್ಲಿ ಮಾತು ಮುದ್ರಿಸಿ ದನಿ ಕಳಿಸುವುದೂ ರೂಢಿಯಾಯಿತು. "ಅಕ್ಕ, ಪುಸ್ತಕ ಕೇಳೋಕೆ ಬಂದವರು ಅಂಗಿ ಎಲ್ಲಿ ತಗೊಂಡ್ರಿ ಅಂತ ಕೇಳ್ತಾರೆ" ಎಂದು ಮೇಡಂ ಅಂದರೆ, "ನನ್ನ ಹತ್ರ ಅಂಗಿ ಕೇಳೋಕೆ ಬಂದವರು ಯಾರೂ ಪುಸ್ತಕ ಕೇಳಿಲ್ಲ ಮೇಡಂ, ಸದ್ಯ ಬಚಾವಾದೆ" ಎಂದು ಇವಳು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೆ ಮೇಡಂ ಅವರ ಕತ್ತಿನ ಸುತ್ತಳತೆ, ತೋಳಿನುದ್ದ, ಮಣಿಕಟ್ಟು ಎಲ್ಲ ಟೇಪಕ್ಕನಿಗೆ ಬಾಯಿಪಾಠ. ಎದೆ ಮೂವತ್ತೆಂಟು. ನಾಲ್ಕು ಸಲದಲ್ಲಿ ಅದು ಅರ್ಧ ಇಂಚು ಅತ್ತಿತ್ತ ಆಗಿರಲಿಲ್ಲ.

ಆಮೇಲೆ ಐದು ತಿಂಗಳು ಅವರಿಂದ ಸುದ್ದಿಯಿಲ್ಲ. ಒಂದು ದಿನ ಐದನೆಯ ಆರ್ಡರ್ ಬಂತು. ಗ್ರಂಥಾಲಯಕ್ಕೆ ಐವತ್ತು ವರ್ಷ ತುಂಬುತ್ತದೆ, ವೇದಿಕೆ ಹತ್ತಿ ನಾಲ್ಕು ಮಾತು ಆಡಬೇಕು, ನೀಲಿ ಬಣ್ಣದ್ದು ಬೇಕು ಎಂದು ಬರೆದಿದ್ದರು. ಜನರ ಮುಂದೆ ನಿಂತು ಮಾತಾಡುವುದು ಇದೇ ಮೊದಲು ಎಂದೂ ಸೇರಿಸಿದ್ದರು. ಕೆಳಗೆ ಹದಿಮೂರು ಅಳತೆ. ಹುಡುಗಿ ಓದುತ್ತ ಹೋದಳು, ಟೇಪಕ್ಕ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದಳು. ಎದೆ ಮೂವತ್ತಮೂರೂವರೆ ಎಂದಾಗ ಪೆನ್ಸಿಲ್ ನಿಂತಿತು.

"ಇನ್ನೊಂದು ಸಲ ಹೇಳು."

"ಮೂವತ್ತಮೂರೂವರೆ. ಸೊಂಟ ಇಪ್ಪತ್ತೆಂಟು."

ಟೇಪಕ್ಕ ನಕ್ಕಳು. "ವೇದಿಕೆ ಅಂದ ತಕ್ಷಣ ಹೊಟ್ಟೆ ಒಳಗೆಳ್ಕೊಂಡು ಅಳೆದಿದ್ದಾರೆ. ಟೇಪನ್ನ ಹಗ್ಗಜಗ್ಗಾಟದ ಹಗ್ಗದ ಹಾಗೆ ಜಗ್ಗಿದ್ದಾರೆ."

"ಕೇಳಿ ನೋಡೋಣ ದೊಡ್ಡಮ್ಮ. ಒಂದು ಮೆಸೇಜು ತಾನೇ."

"ಏನಂತ ಕೇಳೋದು? ನಿಮಗೆ ಅಳೆಯೋಕೆ ಬರಲ್ವಾ ಅಂತಲಾ? ಅವರ ಮೈ ನನಗೆ ಗೊತ್ತಿಲ್ವೇನೇ. ಅಪ್ಪ ಸುಮ್ಮನೆ ಹೇಳ್ತಿದ್ನಾ, ಟೇಪು ಹಿಡಿದ ಕೈ ಸುಳ್ಳು ಹೇಳುತ್ತೆ ಅಂತ."

ಕೈಯಲ್ಲಿ ಆಗ ಹನ್ನೊಂದು ಆರ್ಡರುಗಳಿದ್ದವು. ಅವಳು ಹಳೆಯ ಅಳತೆಗೇ ನೀಲಿ ಬಟ್ಟೆ ಕತ್ತರಿಸಿ, ಹೊಲಿದು, ಪಾರ್ಸೆಲ್ಲಿನೊಳಗೆ ಒಂದು ಚೀಟಿಯನ್ನೂ ಇಟ್ಟಳು. "ಮೇಡಂ, ಈ ಸಲ ಅಳತೆ ತಪ್ಪಾಗಿ ಬರೆದಿದ್ರಿ. ನಾನೇ ಸರಿ ಮಾಡಿದೀನಿ." ಕಂಡಕ್ಟರು ಗೋಡೆ ಬಡಿದ.

ಹತ್ತನೆಯ ದಿನ ಪಾರ್ಸೆಲ್ ವಾಪಸ್ ಬಂತು. ಸರಿಹೋಗದಿದ್ದರೆ ವಾಪಸ್ ಕಳಿಸಬಹುದು ಎಂಬ ಸವಲತ್ತು ಕೊಂಡವರಿಗೆ ಮೊದಲಿಂದಲೂ ಇತ್ತು, ಆದರೆ ಟೇಪಕ್ಕನ ಹೊಲಿಗೆ ಅಲ್ಲಿಯತನಕ ಒಂದೂ ಹಿಂದಕ್ಕೆ ಬಂದಿರಲಿಲ್ಲ. ನೀಲಿ ಅಂಗಿಯ ಮಡಿಕೆಯಲ್ಲಿ ಕೈಬರಹದ ಒಂದು ಹಾಳೆಯಿತ್ತು. ಹುಡುಗಿ ಗಟ್ಟಿಯಾಗಿ ಓದತೊಡಗಿದಳು, ಓದುತ್ತ ಓದುತ್ತ ದನಿ ಇಳಿಯಿತು.

"ಅಕ್ಕ, ಅಳತೆ ಸರಿಯಾಗೇ ಇತ್ತು. ನಾಲ್ಕು ತಿಂಗಳಿಂದ ಆಸ್ಪತ್ರೆಗೆ ಹೋಗಿ ಬರುತ್ತಿದ್ದೇನೆ. ನನಗೂ ನಂಬಿಕೆ ಬರದೆ ಮೂರು ಸಲ ಅಳೆದೆ, ಆಮೇಲೆ ತಂಗಿಯ ಕೈಯಲ್ಲಿ ಅಳೆಸಿದೆ. ನಿಮಗೆ ಹೇಳಬಾರದೆಂದಲ್ಲ. ಅಳತೆ ನೋಡಿದರೆ ನಿಮಗೇ ತಿಳಿಯುತ್ತದೆ, ಬಾಯಿ ಬಿಟ್ಟು ಹೇಳುವ ಕಷ್ಟ ನನಗೆ ತಪ್ಪುತ್ತದೆ ಅಂದುಕೊಂಡೆ. ಈ ಅಂಗಿ ತೊಟ್ಟು ಕನ್ನಡಿ ನೋಡಿದೆ. ಮೊದಲಿದ್ದವಳ ಬಟ್ಟೆಯನ್ನು ಯಾರೋ ಕದ್ದು ತೊಟ್ಟ ಹಾಗಿತ್ತು. ಆಗುವುದಾದರೆ ಈಗ ಇರುವ ನನಗೆ ಹೊಲಿದುಕೊಡಿ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ಇನ್ನು ಹದಿನೇಳು ದಿನ ಇರುತ್ತದೆ. ಹೊಸ ಅಳತೆ ಕೆಳಗಿದೆ."

ಎದೆ ಮೂವತ್ತೆರಡೂವರೆ.

ಟೇಪಕ್ಕ ಎದ್ದಳು. ನೋಟ್‌ಬುಕ್ಕು ತೆಗೆದು ಹಳೆಯ ಪುಟಗಳನ್ನು ಮೇಜಿನ ಮೇಲೆ ಹರಡಿದಳು. ಕತ್ತಿನ ಬುಡದಿಂದ ಭುಜದ ತುದಿಗೆ ಐದು. ಆಗಲೂ ಐದು, ಈಗಲೂ ಐದು. ತೋಳಿನುದ್ದ ಇಪ್ಪತ್ತೆರಡು. ಆಗಲೂ ಅದೇ. ಇಳಿದ ಭುಜ ಒಂದೂಕಾಲು. ಅದೂ ಅದೇ. ಟೇಪು ಜಗ್ಗಿದ್ದರೆ ಎಲ್ಲ ಅಳತೆಯೂ ಜಗ್ಗಬೇಕಿತ್ತು. ಎಲುಬಿನ ಅಳತೆ ನಿಂತಲ್ಲೇ ನಿಂತಿತ್ತು, ಮೈಯ ಅಳತೆ ಮಾತ್ರ ಕರಗಿತ್ತು. ಅಪ್ಪ ಇದ್ದಿದ್ದರೆ ಒಂದೇ ನೋಟಕ್ಕೆ ಕತ್ತರಿ ಕೆಳಗಿಡುತ್ತಿದ್ದ. ಹೊಲಿಗೆ ಕಲಿಯಲು ಬಂದ ಹೊಸಬರಿಗೂ ಕಾಣುವಂಥದ್ದು ತನಗೆ ಕಾಣಲಿಲ್ಲ. ಕಂಡ ಅಂಕಿಗೂ ನಕ್ಕಿದ್ದಳು.

"ಬಾಯಿ ಬಿಟ್ಟು ಹೇಳೋದು ತಪ್ಪಲಿ ಅಂತ ಅಳತೆ ಕಳಿಸಿದರೆ, ತಪ್ಪು ಬರೆದಿದ್ದೀರಿ ಅಂತ ಚೀಟಿ ಇಟ್ಟೆನಲ್ರೀ" ಎಂದಳು ಗಂಡನಿಗೆ.

ಕಂಡಕ್ಟರು ಅಂಟುಟೇಪಿನ ಸುರುಳಿಯ ತುದಿ ಹುಡುಕುತ್ತ ಕೂತ. "ಟಿಕೆಟ್ ಕಳೆದೋಯ್ತು ಅಂದ ಮುದುಕನ್ನ ಒಂದು ಸಲ ನಡುದಾರೀಲಿ ಇಳಿಸಿದ್ದೆ" ಎಂದ. "ನಾನು ಕೊಟ್ಟ ಟಿಕೆಟ್ಟೇ, ನನಗೆ ನೆನಪಿರಲಿಲ್ಲ. ಆಮೇಲೆ ಸೀಟಿನ ಸಂದೀಲಿ ಸಿಕ್ತು. ಮುದುಕ ಮತ್ತೆ ಸಿಗಲೇ ಇಲ್ಲ. ನಿನಗೆ ಅವರು ತಿರುಗಿ ಬರೆದಿದ್ದಾರಲ್ಲೇ. ಹೊಲಿ."

ಪಕ್ಕದಲ್ಲಿ ಹಿಡಿದು ಬಿಗಿ ಮಾಡಿದರೆ ಮುಗಿಯುವ ಕೆಲಸ ಅದಲ್ಲ. ಐದೂವರೆ ಇಂಚು ಒಳಗೆ ಎಳೆದರೆ ಕಂಕುಳು ಜೋಲುತ್ತದೆ, ಕಾಲರು ಬಾಯಿ ಬಿಡುತ್ತದೆ. ಅವಳು ಅಂಗಿಯನ್ನು ಪೂರ್ತಿ ಬಿಚ್ಚಿದಳು, ಹೊಲಿಗೆ ಹೊಲಿಗೆಯಾಗಿ, ಬ್ಲೇಡಿನ ತುದಿಯಿಂದ. ತುಂಡುಗಳನ್ನು ಇಸ್ತ್ರಿ ಮಾಡಿ, ಹೊಸ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದಳು. ಭುಜ, ಕತ್ತು, ತೋಳು ಎಲ್ಲ ಕತ್ತರಿಸಿದವಳಿಗೆ ಪಕ್ಕದ ಹೊಲಿಗೆಗೆ ಬಂದಾಗ ಕೈ ತಡೆಯಿತು.

ಒಳಗೆ ಎರಡು ಬೆರಳು ಬಟ್ಟೆ. ಹಿಗ್ಗುವ ಮೈಗೆ ಅದು ಇರುವುದು. ಕರಗುತ್ತಿರುವ ಮೈಗೆ ಅಷ್ಟು ಬಟ್ಟೆ ಬರೀ ಭಾರ, ಪಕ್ಕೆಲುಬಿಗೆ ಒತ್ತುತ್ತದೆ. ಫೋನೆತ್ತಿ ದನಿ ಕಳಿಸಿದಳು. "ಮೇಡಂ, ತಪ್ಪಾಯ್ತು. ಹೊಲೀತಾ ಇದೀನಿ. ಒಂದು ಕೇಳ್ತೀನಿ, ಪಕ್ಕದಲ್ಲಿ ಹೊಲಿಗೆ ತಾಗಿದ್ರೆ ನೋಯುತ್ತಾ?"

ಮಧ್ಯಾಹ್ನ ಉತ್ತರ ಬಂತು. ದನಿ ಸಣ್ಣದಾಗಿತ್ತು, ಆದರೆ ಅದರಲ್ಲಿ ನಗು ಇನ್ನೂ ಇತ್ತು. "ಈಗ ಏನು ತಾಗಿದ್ರೂ ನೋಯುತ್ತೆ ಅಕ್ಕ. ಜನರ ಅನುಕಂಪಾನೂ ಸೇರಿ. ತಪ್ಪು ಅನ್ಬೇಡಿ. ನೀವು ನಂಬದೇ ಇದ್ದದ್ದು ಒಂದು ದಿನ ನನಗೆ ಖುಷಿಯೇ ಆಯ್ತು."

ಟೇಪಕ್ಕ ಕತ್ತರಿಯನ್ನು ಬಟ್ಟೆಯ ಅಂಚಿಗೆ ತಂದಳು, ಹಿಂದಕ್ಕೆ ತೆಗೆದಳು. ಮತ್ತೆ ತಂದಳು. ಆ ಎರಡು ಬೆರಳನ್ನು ಕತ್ತರಿಸುವುದೆಂದರೆ ಇನ್ನು ನಿಮಗೆ ಬೇಕಾಗುವುದಿಲ್ಲ ಎಂದು ತಾನೇ ಹೇಳಿದ ಹಾಗೆ. ಅವರ ಮೈಯ ಬಗ್ಗೆ ಒಂದು ಸಲ ಚೀಟಿ ಬರೆದು ಹೇಳಿದ್ದೇ ಸಾಕಾಗಿತ್ತು. ಅವಳು ಹಳೆಯ ಪೆಟ್ಟಿಗೆಯಿಂದ, ತೊಳೆದೂ ತೊಳೆದೂ ಬೆಣ್ಣೆಯಂತಾಗಿದ್ದ ಬಿಳಿ ಹತ್ತಿ ಬಟ್ಟೆಯೊಂದನ್ನು ತೆಗೆದಳು. ಒಳಗೆ ಬಿಟ್ಟ ನೀಲಿಯನ್ನು ಚಪ್ಪಟೆಯಾಗಿ ಮಡಿಸಿ, ಅದರ ಮೇಲೆ ಆ ಬಿಳಿಯನ್ನು ಹಾಸಿ, ಮಿಷನ್ನಿಗೆ ಕೊಡದೆ ಕೈಯಿಂದಲೇ ಹೊಲಿದಳು. ಒಂದೊಂದು ಪಕ್ಕಕ್ಕೆ ಒಂದೊಂದು ದಿನ ಹಿಡಿಯಿತು.

"ದೊಡ್ಡಮ್ಮ, ದಿನ ನೋಡ್ತಿದೀಯಾ?" ಎಂದು ಹುಡುಗಿ ಕೇಳಿದಳು.

"ದಿನ ನೋಡೋಕೆ ನೀನಿದೀಯ. ನಾನು ಹೊಲಿಗೆ ನೋಡ್ತೀನಿ."

ಒಂಬತ್ತನೆಯ ದಿನ ಪಾರ್ಸೆಲ್ ಹೊರಟಿತು. ಉಳಿದದ್ದು ಎಂಟು ದಿನ, ದಾರಿ ಐದು ದಿನದ್ದು. ಪಾರ್ಸೆಲ್ ಎಲ್ಲಿದೆಯೆಂದು ಫೋನಿನಲ್ಲೇ ಕಾಣುತ್ತಿತ್ತು. ಮೂರನೆಯ ದಿನ ಅದು ಯಾವುದೋ ಗೋದಾಮಿನಲ್ಲಿ ನಿಂತಿತು, ನಾಲ್ಕನೆಯ ದಿನವೂ ಅಲ್ಲೇ. ಕಂಡಕ್ಟರು ಊಟದ ನಡುವೆ ಎದ್ದೆದ್ದು ಬಂದು ಫೋನು ನೋಡುವನು. "ಸ್ಟಾಪೇ ಇಲ್ಲದ ಕಡೆ ಯಾಕೆ ನಿಲ್ಲಿಸಿದಾನೆ ಇವನು" ಎಂದು ಕಾಣದ ಡ್ರೈವರನ್ನು ಬೈಯುವನು. ಟೇಪಕ್ಕ ಬೇರೆ ಯಾವ ಅಂಗಿಯನ್ನೂ ಮುಟ್ಟಲಿಲ್ಲ. ಆರನೆಯ ದಿನ ಸಂಜೆ ಹುಡುಗಿ ಔಷಧಿ ಅಂಗಡಿಯಿಂದಲೇ ಕರೆ ಮಾಡಿದಳು. "ತಲುಪಿತು ದೊಡ್ಡಮ್ಮ." ಟೇಪಕ್ಕ ಮಿಷನ್ನಿನ ಮೇಲೆ ಹಣೆಯಿಟ್ಟಳು.

ಅದಾದ ಮೂರನೆಯ ದಿನ ಫೋಟೊ ಬಂತು. ಮೇಡಂ ಅವರ ಮುಖವನ್ನು ಅವಳು ಕಂಡದ್ದು ಅದೇ ಮೊದಲು. ತಲೆಗೆ ಬಟ್ಟೆ ಸುತ್ತಿದ ಸಣ್ಣ ಮುಖ, ಕೈಯಲ್ಲೊಂದು ಹಾಳೆ, ಹಿಂದೆ ಪುಸ್ತಕದ ಕಪಾಟು. ಟೇಪಕ್ಕನ ಕಣ್ಣು ಮೊದಲು ಹೋದದ್ದು ಕಾಲರಿಗೆ. ನೇರವಾಗಿತ್ತು. ಭುಜ ಎರಡೂ ಒಂದೇ ಮಟ್ಟ. ಎದೆಯ ಮೇಲೆ ಒಂದು ನೆರಿಗೆಯಿಲ್ಲ. ಅಂಗಿ ಈಗ ಇರುವವರದೇ ಆಗಿತ್ತು.

ಜೊತೆಗೆ ದನಿ. "ನೀರು ಕುಡಿಯೋಕೂ ನಿಲ್ಲಿಸದೆ ಮಾತಾಡಿದೆ ಅಕ್ಕ. ಹೊಲಿಗೆ ತಾಗಲೇ ಇಲ್ಲ. ಒಳಗೆ ಕೈ ಹಾಕಿ ನೋಡಿದೆ. ಇಷ್ಟು ಬಟ್ಟೆ ಯಾಕೆ ಬಿಟ್ರಿ?"

"ನಮ್ಮಪ್ಪನ ಕಾಲದ ರೂಢಿ ಮೇಡಂ."

"ಒಳ್ಳೆ ರೂಢಿ" ಎಂದರು ಅವರು. ಅದಾದ ಮೇಲೆ ಅವರ ದನಿ ಬರಲಿಲ್ಲ. ಇವಳು ಎರಡು ಸಲ ಕಳಿಸಿದಳು, ಮೂರನೆಯ ಸಲ ಧೈರ್ಯವಾಗಲಿಲ್ಲ.

ನಾಲ್ಕು ತಿಂಗಳ ಮೇಲೆ ಅದೇ ವಿಳಾಸದಿಂದ ಒಂದು ಪಾರ್ಸೆಲ್ ಬಂತು. ಬಿಚ್ಚುವ ಮೊದಲೇ ಟೇಪಕ್ಕನಿಗೆ ತಿಳಿದಿತ್ತು. ಒಳಗೆ ನೀಲಿ ಅಂಗಿ, ಜೊತೆಗೊಂದು ಹಾಳೆ. ಕೈಬರಹ ಬೇರೆ.

"ಅಕ್ಕ ಹೋಗಿ ಆರು ವಾರವಾಯಿತು. ನಾನು ಅವರ ತಂಗಿ. ಈ ಅಂಗಿಯನ್ನು ಕೊನೆಯ ತನಕ ಆಸ್ಪತ್ರೆಗೆ ಹೋಗುವಾಗಲೆಲ್ಲ ತೊಡುತ್ತಿದ್ದಳು. ನಾನು ಒಗೆದು ಕೊಡುತ್ತಿದ್ದೆ. ನನಗೆ ತೊಡಬೇಕೆನಿಸುತ್ತದೆ, ಆದರೆ ಬಿಗಿ. ಒಳಗೆ ಬಟ್ಟೆ ಇದೆ, ಅವರನ್ನು ಕೇಳು ಎಂದು ಅಕ್ಕನೇ ಹೇಳಿದ್ದಳು. ಬಿಚ್ಚಿ ಅಗಲ ಮಾಡಿಕೊಡುತ್ತೀರಾ? ನನ್ನ ಭುಜ ಎರಡೂ ಸಮ. ಅಳತೆ ಕೆಳಗಿದೆ."

ಟೇಪಕ್ಕ ಪಕ್ಕದ ಬಿಳಿ ಪಟ್ಟಿಯನ್ನು ಬಿಡಿಸಿದಳು. ಒಳಗೆ ಮಡಿಸಿಟ್ಟ ನೀಲಿ ಹೊರಗೆ ಬಂತು. ಒಗೆದೊಗೆದು ಅಂಗಿಯ ಮೈ ಮಾಸಿತ್ತು, ಒಳಗಿದ್ದ ಬಟ್ಟೆ ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇತ್ತು. ಎಷ್ಟು ಇಸ್ತ್ರಿ ಮಾಡಿದರೂ ಆ ವ್ಯತ್ಯಾಸ ಮುಚ್ಚಿಹೋಗುವಂಥದ್ದಲ್ಲ. ಆಮೇಲೆ ಎಡಭುಜ. ಒಂದೂಕಾಲು ಇಂಚಿನ ಪ್ಯಾಡನ್ನು ಕಟ್ಟಿದ ದಾರ ಕತ್ತರಿಸಿದಳು. ಅದು ಅಂಗೈಯಲ್ಲಿ ಬಂದು ಕೂತಿತು, ತೊಟ್ಟು ತೊಟ್ಟು ಆ ಭುಜದ ಆಕಾರಕ್ಕೆ ಬಾಗಿ. ಕಂಡಕ್ಟರು ನೋಡಿ, ಎದ್ದು ಒಳಗೆ ಹೋದ.

ಅವಳು ಆ ಪ್ಯಾಡನ್ನು ನೋಟ್‌ಬುಕ್ಕಿನಲ್ಲಿ ಮೇಡಂ ಅವರ ಪುಟದ ನಡುವೆ ಇಟ್ಟಳು. ಮುಂದಿನ ಪುಟದಲ್ಲಿ ತಂಗಿಯ ಅಳತೆ ಬರೆದಳು. ಹದಿಮೂರರಲ್ಲಿ ಒಂದನ್ನೂ ತಿದ್ದಲಿಲ್ಲ. ಆಮೇಲೆ ಫೋನೆತ್ತಿ ದನಿ ಕಳಿಸಿದಳು.

"ನೀವು ಬರೆದ ಹಾಗೇ ಹೊಲೀತೀನಮ್ಮ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮೇಲಿನ ಬಟ್ಟೆ ಮಾಸಿದೆ, ಒಳಗಿಂದು ಹೊಸದಾಗೇ ಉಳಿದಿದೆ. ಬಿಚ್ಚಿ ಅಗಲ ಮಾಡಿದರೆ ಎರಡೂ ಪಕ್ಕದಲ್ಲಿ ಕಡು ನೀಲಿ ಗೆರೆ ಕಾಣಿಸುತ್ತೆ. ಮೇಡಂ ಇದ್ದಾಗ ಅಂಗಿ ಎಷ್ಟು ಅಗಲ ಇತ್ತು ಅಂತ ನೋಡಿದವರಿಗೆ ತಿಳಿಯುತ್ತೆ."

ಉತ್ತರ ಸಂಜೆ ಬಂತು. ಬಂದದ್ದು ಎರಡೇ ಮಾತು.

"ಕಾಣಿಸಲಿ ಅಕ್ಕ."